ಘಟ್ಟದ ದಾರಿಯಲ್ಲಿ ಹೈಬ್ರಿಡ್ ಕಾರು: ಕೊಳ್ಳುವ ಮುನ್ನ, ಓಡಿಸುವಾಗ

ಶಿರಸಿ ಪೇಟೆಯಲ್ಲಿ ಈಗ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಲ್ಲುವ ಕಾರುಗಳು ಆಗಾಗ ಕಾಣುತ್ತವೆ. ಎಲ್ಲವೂ ವಿದ್ಯುತ್ ಕಾರುಗಳಲ್ಲ. ಕೆಲವು ಪೆಟ್ರೋಲ್ ಕುಡಿಯುವ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಇಟ್ಟುಕೊಂಡ ಹೈಬ್ರಿಡ್‌ಗಳು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳವರಿಗೆ ಪ್ಲಗ್ ಹಾಕುವ ಗೋಜಿಲ್ಲದ ಈ ಕಾರಿನ ಮೇಲೆ ಕಣ್ಣು ಬಿದ್ದರೆ ಆಶ್ಚರ್ಯವಿಲ್ಲ.

ಮೊದಲು: ಯಾವ ಹೈಬ್ರಿಡ್ ಎಂದು ಕೇಳಿ

ಶೋರೂಮಿನಲ್ಲಿ ಇದೊಂದನ್ನು ಬಿಡಿಸಿ ಕೇಳಲೇಬೇಕು. ‘ಮೈಲ್ಡ್’ ಎನ್ನುವುದರಲ್ಲಿ ಇರುವುದು ಎಂಜಿನ್ನಿಗೆ ಕೊಂಚ ಕೈಜೋಡಿಸುವ ಪುಟ್ಟ ಮೋಟಾರು. ಅದೊಂದೇ ಕಾರನ್ನು ಎಳೆಯಲಾರದು. ‘ಸ್ಟ್ರಾಂಗ್’ ಹೈಬ್ರಿಡ್ ಮಾತ್ರ ಎಂಜಿನ್ ಆರಿಸಿಕೊಂಡು ಬರೀ ಮೋಟಾರಿನಲ್ಲಿ ಸ್ವಲ್ಪ ದೂರ ಓಡಬಲ್ಲದು. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಜಾತಿಯದು. 2022ರಲ್ಲಿ ನಮ್ಮದೇ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಸ್ಟ್ರಾಂಗ್ ಮಾದರಿಗಳೂ ಅಷ್ಟೇ. ಆದರೆ ಅದೇ ಹೆಸರಿನಲ್ಲಿ ಮೈಲ್ಡ್ ಮಾದರಿಗಳೂ ಇವೆ. ಮುಂದೆ ಹೇಳುವುದೆಲ್ಲ ಸ್ಟ್ರಾಂಗ್ ಬಗ್ಗೆ.

ಒಳಗೆ ನಡೆಯುವುದೇನು

ಪೆಟ್ರೋಲ್ ಎಂಜಿನ್ ಹದವಾದ ವೇಗದಲ್ಲಿ ಚೆನ್ನಾಗಿ ದುಡಿಯುತ್ತದೆ. ನಿಂತು ನಿಂತು ಹೊರಡುವಾಗ ದುಂದು ಮಾಡುತ್ತದೆ. ಹಾಗಾಗಿ ಹೊರಡುವ ಕೆಲಸ ಮೋಟಾರಿಗೆ, ಓಟ ಹಿಡಿದ ಮೇಲೆ ಎಂಜಿನ್ನಿಗೆ, ಏರು ಬಂದರೆ ಇಬ್ಬರಿಗೂ. ಹಂಚಿಕೊಡುವುದು ಕಂಪ್ಯೂಟರು. ಬ್ರೇಕ್ ಒತ್ತಿದಾಗ ಅದೇ ಮೋಟಾರು ಡೈನಮೋ ಆಗಿ ತಿರುಗಿ ಬ್ಯಾಟರಿ ತುಂಬುತ್ತದೆ. ಮಾಮೂಲಿ ಕಾರಿನಲ್ಲಿ ಆ ಶಕ್ತಿ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ಇಂಥ ಕಾರು ಬಹುಪಾಲು ಎಂಜಿನ್ ಆರಿಸಿಯೇ ತೆವಳುತ್ತದೆ.

ದೇವಿಮನೆ ಘಟ್ಟ ಇಳಿಯುವಾಗ

ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತದೆ ಎಂದು ಕೇಳಿ, ಶಿರಸಿಯಿಂದ ಕುಮಟಾಕ್ಕೆ ಪುಕ್ಕಟೆ ಪಯಣ ಎಂದುಕೊಳ್ಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ಮೇಲಿದೆ. ಜನ ಸೇರಿ ಒಂದೂವರೆ ಟನ್ ತೂಗುವ ಕಾರು ಅಷ್ಟು ಎತ್ತರದಿಂದ ಕಡಲ ಮಟ್ಟಕ್ಕೆ ಇಳಿದರೆ ಎರಡು ಯೂನಿಟ್‌ಗೂ ಮಿಕ್ಕಿ ಶಕ್ತಿ ಬಿಡುಗಡೆಯಾಗುತ್ತದೆ. ಹೈರೈಡರ್‌ನ ಬ್ಯಾಟರಿ ಹಿಡಿಯುವುದು ಮುಕ್ಕಾಲು ಯೂನಿಟ್, ಅದನ್ನೂ ಪೂರ್ತಿ ಬರಿದಾಗಲು ಕಂಪ್ಯೂಟರು ಬಿಡುವುದಿಲ್ಲ. ಜೋರು ಮಳೆಯಲ್ಲಿ ಸೂರಿನ ಕೆಳಗೆ ಒಂದೇ ಕೊಡ ಇಟ್ಟಂತೆ. ತುಂಬಿದ ಮೇಲೆ ಉಳಿದದ್ದು ಹರಿದೇ ಹೋಗಬೇಕು.

ಆದ್ದರಿಂದ ತಿರುವುಗಳು ಶುರುವಾಗುವ ಮೊದಲೇ ಗೇರ್ ಹಿಡಿಕೆಯನ್ನು ‘ಬಿ’ಗೆ, ಅಂದರೆ ಇಳಿಜಾರಿನಲ್ಲಿ ಕಾರನ್ನು ಹಿಡಿದಿಡುವ ಸ್ಥಾನಕ್ಕೆ, ತನ್ನಿ. ಅದಿಲ್ಲದ ಮಾದರಿಯಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲ್ ಇದ್ದರೆ ಅದನ್ನು ಬಳಸಿ. ಬ್ಯಾಟರಿ ತುಂಬಿದ ಮೇಲೆ ಎಂಜಿನ್ ತಟ್ಟನೆ ಗೊರಗುಟ್ಟಬಹುದು. ಕೆಟ್ಟಿತೆಂದು ಗಾಬರಿ ಬೇಡ. ಪೆಟ್ರೋಲ್ ಸುಡದೆ ಸುಮ್ಮನೆ ತಿರುಗಿ ಕಾರನ್ನು ಹಿಡಿದಿಡುತ್ತಿರುತ್ತದೆ, ಬ್ರೇಕ್ ಕಾಯುವುದು ತಪ್ಪುತ್ತದೆ. ಘಟ್ಟದ ಕೆಳಗೆ ಬಂದಾಕ್ಷಣ ಮಾಮೂಲಿ ಓಟದ ‘ಡಿ’ಗೆ ಮರಳಿ.

ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಇಳಿಸುವ ಹಳೆಯ ಚಾಳಿ ನಮ್ಮ ಡ್ರೈವರುಗಳಲ್ಲಿ ಇನ್ನೂ ಇದೆ. ಯಾವ ಕಾರಿನಲ್ಲೂ ಅದು ಅಪಾಯ. ಹೈಬ್ರಿಡ್‌ನಲ್ಲಂತೂ ದಂಡವೂ ಹೌದು: ನ್ಯೂಟ್ರಲ್‌ನಲ್ಲಿ ಬ್ಯಾಟರಿಗೆ ಏನೂ ಸೇರುವುದಿಲ್ಲ.

ಹಣದ ಲೆಕ್ಕ

ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಇದು ಬರೀ ಮಾದರಿ. ಪೆಟ್ರೋಲ್ ಕಾರು ಲೀಟರಿಗೆ 16, ಹೈಬ್ರಿಡ್ 24 ಕಿ.ಮೀ. ಕೊಡುತ್ತದೆ, ಪೆಟ್ರೋಲ್ 100 ರೂಪಾಯಿ, ಕಾರುಗಳ ಬೆಲೆಯ ಅಂತರ 3 ಲಕ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 25,000 ರೂಪಾಯಿ. ಅಂತರ ತೀರಲು 12 ವರ್ಷ ಬೇಕು. 30,000 ಕಿ.ಮೀ. ಓಡಿಸಿದರೆ ಐದು ವರ್ಷದೊಳಗೆ ತೀರುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಓಡುವವರಿಗೆ ಲಾಭ ಇನ್ನೂ ಕಮ್ಮಿ, ಏಕೆಂದರೆ ಅಲ್ಲಿ ಬ್ರೇಕಿನಿಂದ ಮರಳಿ ಪಡೆಯುವುದು ಅಷ್ಟಕ್ಕಷ್ಟೆ. ಸಂತೆಗೆ, ಮದುವೆಗೆ ಮಾತ್ರ ಕಾರು ತೆಗೆಯುವವರು ಉಳಿತಾಯದ ಹೆಸರಿನಲ್ಲಿ ಇದನ್ನು ಕೊಳ್ಳಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸದ್ದಿಲ್ಲದ ಓಟ ಇಷ್ಟವಾದರೆ ಅದು ಬೇರೆ ಮಾತು.

ಮನೆಯಲ್ಲಿ

ಹಲವು ಮಾದರಿಗಳಲ್ಲಿ ಹಿಂದಿನ ಸೀಟಿನ ಬಳಿ ಬ್ಯಾಟರಿ ತಂಪಾಗಿಸುವ ಗಾಳಿಕಿಂಡಿ ಇರುತ್ತದೆ. ಅಡಿಕೆ ಚೀಲವನ್ನೋ ಹಲಸಿನಕಾಯಿಯನ್ನೋ ಒತ್ತರಿಸಿಟ್ಟು ಅದನ್ನು ಮುಚ್ಚಬೇಡಿ. ಕಿತ್ತಳೆ ಬಣ್ಣದ ವೈರುಗಳು ಭಾರೀ ವೋಲ್ಟೇಜಿನವು. ಊರಿನ ಎಲೆಕ್ಟ್ರಿಷಿಯನ್ ಎಷ್ಟೇ ಜಾಣನಿದ್ದರೂ ಅವುಗಳಿಗೆ ಕೈ ಹಾಕಿಸಬೇಡಿ.

ದೊಡ್ಡ ಬ್ಯಾಟರಿಯಲ್ಲದೆ 12 ವೋಲ್ಟಿನ ಮಾಮೂಲಿ ಬ್ಯಾಟರಿಯೂ ಇರುತ್ತದೆ. ಕಂಪ್ಯೂಟರನ್ನು ಎಬ್ಬಿಸುವುದು ಅದೇ. ವಾರಗಟ್ಟಲೆ ನಿಲ್ಲಿಸಿ ಅದು ಇಳಿದರೆ ದೊಡ್ಡದು ತುಂಬಿದ್ದರೂ ಕಾರು ಏಳದು. ವಾರಕ್ಕೊಮ್ಮೆಯಾದರೂ ಕಾರು ಹೊರತೆಗೆದು ಓಡಿಸಿ, ಇಲ್ಲವೇ ಸ್ಟೇರಿಂಗ್ ಮುಂದಿನ ‘ರೆಡಿ’ ದೀಪ ಹೊತ್ತುವಂತೆ ಕಾರನ್ನು ಎಬ್ಬಿಸಿ ಅರ್ಧ ತಾಸು ಬಿಡಿ. ನಡುವೆ ಎಂಜಿನ್ ತಾನಾಗಿಯೇ ಚಾಲೂ ಆಗುತ್ತದೆ, ಹಾಗಾಗಿ ಮುಚ್ಚಿದ ಶೆಡ್ಡಿನೊಳಗೆ ಬೇಡ, ಅಂಗಳಕ್ಕೆ ತಂದು ಮಾಡಿ.