ಎಸ್ಟೇಟ್ ಸೇಲ್‌ನಲ್ಲಿ ಬೆಳ್ಳಿ ಹುಡುಕುವುದು ಹೇಗೆ?

ಅಮೆರಿಕದ ಯಾವ ಎಸ್ಟೇಟ್ ಸೇಲ್‌ಗೆ ಹೋದರೂ ಇದೇ ಕಥೆ. ಫಳಫಳ ಹೊಳೆಯುವ ಟ್ರೇ, ಟೀ ಸೆಟ್ಟುಗಳಿಗೆ ಜನ ಮುಗಿಬೀಳುತ್ತಾರೆ. ಅಡುಗೆಮನೆ ಡ್ರಾಯರಿನಲ್ಲಿ ಸ್ಟೀಲ್ ಚಮಚಗಳ ನಡುವೆ ಕಪ್ಪಗೆ ಬಿದ್ದಿರುವ ಚಮಚವನ್ನು ಯಾರೂ ತಿರುಗಿಸಿಯೂ ನೋಡುವುದಿಲ್ಲ. ಆ ಟ್ರೇ ಹೆಚ್ಚಾಗಿ ಬೇರೆ ಲೋಹದ ಮೇಲೆ ಬರೀ ಬೆಳ್ಳಿ ಲೇಪದ್ದು. ಚಮಚ ಅಪ್ಪಟ ಬೆಳ್ಳಿಯದ್ದೇ ಇರಬಹುದು.

ಮನೆಯ ಹಿರಿಯರು ತೀರಿಕೊಂಡಾಗಲೋ, ದೊಡ್ಡ ಮನೆ ಖಾಲಿ ಮಾಡುವಾಗಲೋ ಇಡೀ ಮನೆಯ ಸಾಮಾನನ್ನು ಅಲ್ಲೇ ಮಾರಾಟಕ್ಕಿಡುವುದು ಎಸ್ಟೇಟ್ ಸೇಲ್. ಜನ ದಾನ ಕೊಟ್ಟ ಸಾಮಾನು ಮಾರುವುದು ಥ್ರಿಫ್ಟ್ ಸ್ಟೋರ್. ಎರಡೂ ಕಡೆ ನೂರಾರು ವಸ್ತುಗಳಿಗೆ ಅವಸರದಲ್ಲಿ ಚೀಟಿ ಅಂಟಿಸಿರುತ್ತಾರೆ. ನಿಮ್ಮ ಅವಕಾಶ ಇರುವುದು ಆ ಅವಸರದಲ್ಲೇ.

ಹಂತ 1: ಜೇಬಿನಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಗಟ್ಟಿ ಮ್ಯಾಗ್ನೆಟ್, ಅಂಗೈಯಗಲದ ಡಿಜಿಟಲ್ ತಕ್ಕಡಿ. ಬೆಳಕಿಗೆ ಫೋನ್ ಸಾಕು. ಆಸಿಡ್ ಪರೀಕ್ಷೆಯ ಬಾಟಲಿ ಮನೆಯಲ್ಲೇ ಇರಲಿ. ದುಡ್ಡು ಕೊಡದ ವಸ್ತುವಿನ ಮೇಲೆ ಆಸಿಡ್ ಹಾಕುವುದು ಸರಿಯಲ್ಲ. ಮೇಲೆಮೇಲೆ ಒಂದು ತೊಟ್ಟು ಹಾಕಿದರೆ ಲೇಪವೂ ಬೆಳ್ಳಿ ಅಂತಲೇ ತೋರಿಸುತ್ತದೆ, ನಿಜ ಗೊತ್ತಾಗಬೇಕಾದರೆ ಅರದಿಂದ ಉಜ್ಜಿ ಒಳಗಿನ ಲೋಹ ಕಾಣುವಂತೆ ಮಾಡಬೇಕು.

ಹಂತ 2: ಎಲ್ಲಿ ನೋಡಬೇಕು

ಊಟದ ಮೇಜಿನ ಮೇಲೆ ಅಂದವಾಗಿ ಜೋಡಿಸಿದ್ದನ್ನು ಬಿಡಿ, ಅದನ್ನು ಮಾರುವವರು ಆಗಲೇ ಪರೀಕ್ಷಿಸಿರುತ್ತಾರೆ. ಡ್ರಾಯರು, ಹೊಲಿಗೆ ಡಬ್ಬಿ, ಫ್ಯಾನ್ಸಿ ಆಭರಣದ ಬುಟ್ಟಿ ನೋಡಿ. ಬೆರಳುಕವಚ, ಉಪ್ಪಿನ ಪುಟ್ಟ ಚಮಚ, ಸಕ್ಕರೆ ಇಕ್ಕಳ, ಮಗುವಿನ ಲೋಟ ತಪ್ಪಿಸಿಕೊಳ್ಳುವುದು ಇಲ್ಲೇ.

ಹಂತ 3: ಮುದ್ರೆ ಓದುವುದು

ಜನ ಎಡವುವುದು ಇಲ್ಲಿ. ಹೊಳಪು, ಭಾರ, ಕಪ್ಪು, ಯಾವುದನ್ನೂ ನಂಬಬೇಡಿ. ಗಾಳಿಯಲ್ಲಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ, ನಿಜ. ಬೆಳ್ಳಿ ಲೇಪವೂ ಅಷ್ಟೇ ಕಪ್ಪಾಗುತ್ತದೆ. ಮ್ಯಾಗ್ನೆಟ್‌ಗೆ ಅಂಟಿದರೆ ಬೆಳ್ಳಿಯಲ್ಲ, ಆದರೆ ಅಂಟದಿದ್ದ ಮಾತ್ರಕ್ಕೆ ಬೆಳ್ಳಿಯೂ ಅಲ್ಲ. ಹಿತ್ತಾಳೆ, ತಾಮ್ರ ಕೂಡ ಅಂಟುವುದಿಲ್ಲ ಅಲ್ವಾ? ಐಸ್ ತುಂಡು ಇಟ್ಟು ಬೇಗ ಕರಗಿದರೆ ಬೆಳ್ಳಿ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಶಾಖ ಹರಿಸುವುದರಲ್ಲಿ ತಾಮ್ರ ಬೆಳ್ಳಿಗಿಂತ ಸ್ವಲ್ಪವೇ ಹಿಂದೆ. ಹಾಗಾಗಿ ಲೇಪ ಹಾಕಿದ ತಾಮ್ರದ ಟ್ರೇ ಆ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ.

ನೋಡಬೇಕಾದದ್ದು ಲೋಹದ ಮೇಲೆ ಒತ್ತಿರುವ ಪುಟ್ಟ ಮುದ್ರೆಯನ್ನು. ಅದಕ್ಕೆ ಚಮಚವಾದರೆ ಹಿಡಿಯ ಹಿಂಬದಿ, ಲೋಟವಾದರೆ ತಳ ನೋಡಿ. ಕಪ್ಪು ಜಾಸ್ತಿ ಇದ್ದರೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ.

ಅಮೆರಿಕದ ಮಾಲಾದರೆ ‘ಸ್ಟರ್ಲಿಂಗ್’ ಎಂಬ ಪೂರ್ತಿ ಪದ ಅಥವಾ 925 ಹುಡುಕಿ. ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಈ ಪದವನ್ನು ಸುಮ್ನೆ ಒತ್ತುವಂತಿಲ್ಲ ಎಂದು ಅಲ್ಲಿ 1906ರಲ್ಲೇ ಕಾನೂನು ಬಂದಿದೆ. ಬ್ರಿಟನ್ನಿನ ಮಾಲಿನಲ್ಲಿ ಪದದ ಬದಲು ನಡೆಯುವ ಸಿಂಹ ಇರುತ್ತದೆ. ಜೊತೆಗೆ ಊರಿನ ಗುರುತು (ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಲಂಡನ್‌ಗೆ ಚಿರತೆಯ ಮುಖ) ಮತ್ತು ವರ್ಷ ಹೇಳುವ ಒಂದು ಅಕ್ಷರ. ಯುರೋಪಿನ ಬೇರೆ ದೇಶಗಳ ಮಾಲಿನಲ್ಲಿ 800, 830, 835 ಕಾಣಬಹುದು. ಅವೂ ಬೆಳ್ಳಿಯೇ, ಶುದ್ಧತೆ ಕಡಿಮೆ.

ಈಗ ಬಲೆಗಳು. ಇ-ಪಿ-ಎನ್-ಎಸ್ ಎಂದಿದ್ದರೆ ನಿಕಲ್ ಸಿಲ್ವರ್ ಮೇಲೆ ಬೆಳ್ಳಿ ಲೇಪ. ಈ ನಿಕಲ್ ಸಿಲ್ವರ್, ಜರ್ಮನ್ ಸಿಲ್ವರ್ ಎಲ್ಲ ತಾಮ್ರ, ನಿಕಲ್, ಸತುವಿನ ಮಿಶ್ರಣ. ಬೆಳ್ಳಿ ಚೂರೂ ಇಲ್ಲ. ಕೆಲವು ತಯಾರಕರು ಈ ನಾಲ್ಕು ಅಕ್ಷರಗಳನ್ನು ಒಂದೊಂದು ಪುಟ್ಟ ಚೌಕಟ್ಟಿನಲ್ಲಿಟ್ಟು ಬ್ರಿಟಿಷ್ ಮುದ್ರೆಯ ಹಾಗೆ ಕಾಣಿಸಿದ್ದಾರೆ, ಲೂಪ್ ಇಲ್ಲದೆ ನೋಡಿದವರು ಮೋಸ ಹೋದಂತೆಯೇ. ‘1847 ರೋಜರ್ಸ್ ಬ್ರದರ್ಸ್’ ಎಂದಿದ್ದರೆ ‘1847ರ ಬೆಳ್ಳಿ!’ ಎಂದು ಕುಣಿಯಬೇಡಿ. ಆ ಅಂಕಿ ಬ್ರ್ಯಾಂಡ್ ಹೆಸರಿನ ಭಾಗ, ಮಾಲು ಲೇಪದ್ದು. ‘ಕ್ವಾಡ್ರುಪಲ್ ಪ್ಲೇಟ್’ ಅಂದರೂ ಲೇಪವೇ, ಸ್ವಲ್ಪ ದಪ್ಪ ಅಷ್ಟೇ. ‘ಸ್ಟರ್ಲಿಂಗ್ ಇನ್‌ಲೇಯ್ಡ್’ ಎಂಬುದು ಇನ್ನೂ ಕಿಲಾಡಿ: ಲೇಪದ ಚಮಚದಲ್ಲಿ ಬೇಗ ಸವೆಯುವ ಜಾಗಕ್ಕೆ ಮಾತ್ರ ಬೆಳ್ಳಿಯ ತುಣುಕು ಕೂರಿಸಿರುತ್ತಾರೆ. ಹಾಗಾಗಿ ‘ಸ್ಟರ್ಲಿಂಗ್’ ಕಂಡ ತಕ್ಷಣ ನಿಲ್ಲಿಸಬೇಡಿ, ಅದರ ಮುಂದಿನ ಪದವನ್ನೂ ಓದಿ.

ಗೋರಮ್ ಕಂಪನಿಯದ್ದು ಬೇರೆ ಗೊಂದಲ. ಅದು ಅಮೆರಿಕದ್ದೇ, ಆದರೆ ಸಿಂಹ, ಲಂಗರು, ಜಿ ಅಕ್ಷರ ಒತ್ತುತ್ತಿತ್ತು. ಬ್ರಿಟಿಷ್ ಮಾಲು ಅಂತ ಅನೇಕರು ಮೋಸಹೋಗುತ್ತಾರೆ. ಲೇಪದ ಸಾಮಾನನ್ನೂ ಇದೇ ಕಂಪನಿ ಮಾಡಿದೆ. ಇಲ್ಲೂ ಸ್ಟರ್ಲಿಂಗ್ ಎಂಬ ಪದವೇ ಗತಿ.

ಮುದ್ರೆ ಸವೆದು ಹೋಗಿದೆಯೇ? ಮೇಜಿಗೆ ತಾಗುವ ಜಾಗ ನೋಡಿ: ಚಮಚದ ಗುಂಡಿಯ ಹಿಂಬದಿ, ಫೋರ್ಕಿನ ಹಲ್ಲಿನ ತುದಿ. ಅಲ್ಲಿ ಹಳದಿಯೋ ಕೆಂಪೋ ಇಣುಕಿದರೆ ಲೇಪ. ಸರಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಕೊಕ್ಕೆಯ ಮೇಲಿನ 925 ಕೊಕ್ಕೆಗೆ ಮಾತ್ರ ಸಾಕ್ಷಿ. ಕಡಿದ ಸರಕ್ಕೆ ಬೇರೆ ಕೊಕ್ಕೆ ಹಾಕಿಸಿರುವುದು ಅಪರೂಪವಲ್ಲ.

ಹಂತ 4: ತೂಕ ಮತ್ತು ಲೆಕ್ಕ

ಬೆಳ್ಳಿಯ ದರ ಹೇಳುವುದು ಟ್ರಾಯ್ ಔನ್ಸಿನಲ್ಲಿ, ಅಂದರೆ 31.1 ಗ್ರಾಂ. ಅಡುಗೆಮನೆಯ ಔನ್ಸ್ 28.35 ಗ್ರಾಂ. ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ಸುಮಾರು ಹತ್ತು ಶೇಕಡ ಉಬ್ಬುತ್ತದೆ. ತಕ್ಕಡಿಯನ್ನು ಗ್ರಾಂನಲ್ಲೇ ಇಡಿ. 60 ಗ್ರಾಂ ಸ್ಟರ್ಲಿಂಗ್ ಚಮಚದಲ್ಲಿ 55.5 ಗ್ರಾಂ ಬೆಳ್ಳಿ, ಅಂದರೆ 1.78 ಟ್ರಾಯ್ ಔನ್ಸ್. ಅದನ್ನು ಆ ದಿನದ ದರದಿಂದ ಗುಣಿಸಿ. ಕರಗಿಸಲು ಕೊಳ್ಳುವವರು ಪೂರ್ತಿ ದರ ಕೊಡುವುದಿಲ್ಲ, ಹಾಗಾಗಿ ಚೀಟಿಯ ಬೆಲೆ ಆ ಮೊತ್ತಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಮಾತ್ರ ಕೊಳ್ಳಿ.

ಕ್ಯಾಂಡಲ್ ಸ್ಟ್ಯಾಂಡು, ಉಪ್ಪು-ಮೆಣಸಿನ ಡಬ್ಬಿಗಳಿಗೆ ಮಾತ್ರ ಈ ಲೆಕ್ಕ ನಡೆಯದು. ‘ವೆಯ್ಟೆಡ್’ ಅಥವಾ ‘ರೀಇನ್‌ಫೋರ್ಸ್ಡ್’ ಎಂದಿದ್ದರೆ ಹೊರಗೆ ಹಪ್ಪಳದಂಥ ಬೆಳ್ಳಿ, ಒಳಗೆ ಸಿಮೆಂಟೋ ರಾಳವೋ. ಬೆಳ್ಳಿ ತೂಕದ ಸಣ್ಣ ಪಾಲು. ಚಾಕುಗಳೂ ಹಾಗೆಯೇ: ಅಲಗು ಸ್ಟೀಲು, ಹಿಡಿ ಟೊಳ್ಳು. ನನ್ನನ್ನು ಕೇಳಿದರೆ ಹೊಸಬರು ಇವನ್ನು ಮುಟ್ಟಲೇಬಾರದು, ಚಮಚ-ಫೋರ್ಕಿಗೇ ಅಂಟಿಕೊಳ್ಳಬೇಕು. ಅವು ಒಳಗೂ ಹೊರಗೂ ಒಂದೇ ಲೋಹ, ಲೆಕ್ಕ ಸುಲಭ.

ಟಿಫಾನಿ ಅಥವಾ ಜಾರ್ಜ್ ಜೆನ್ಸನ್‌ರಂಥ ಪ್ರಸಿದ್ಧ ತಯಾರಕರ ಹೆಸರು ಕಂಡರೆ ತಕ್ಕಡಿ ಪಕ್ಕಕ್ಕಿಡಿ. ಅವನ್ನು ಸಂಗ್ರಾಹಕರು ಕೊಳ್ಳುತ್ತಾರೆ, ಕರಗಿಸುವುದು ದಡ್ಡತನ.

ಹಂತ 5: ಕೊಳ್ಳುವುದು

ಮೊದಲ ದಿನ ಬೇಗ ಹೋದರೆ ಆಯ್ಕೆ ಜಾಸ್ತಿ, ಕೊನೆಯ ದಿನ ಸಾಮಾನ್ಯವಾಗಿ ಅರ್ಧ ಬೆಲೆ. ನಾನು ಮೊದಲ ದಿನದ ಪಕ್ಷ. ಚೀಟಿಯ ಬೆಲೆ ಒಪ್ಪಿಗೆಯಾದರೆ ಸುಮ್ಮನೆ ಕೊಟ್ಟುಬಿಡಿ. ಕಡಿಮೆಗೆ ಸಿಗುತ್ತಿರುವುದಕ್ಕೂ ಚೌಕಾಸಿ ಮಾಡಿ ಮಾರುವವರು ಮತ್ತೊಮ್ಮೆ ತಿರುಗಿಸಿ ನೋಡುವಂತೆ ಮಾಡುವವರನ್ನು ಕಂಡಿದ್ದೇನೆ.

ಹಂತ 6: ತೊಳೆಯುವುದು

ಅದ್ದಿ ತೆಗೆಯುವ ‘ಡಿಪ್’ ದ್ರಾವಣ ಕೊಳ್ಳಬೇಡಿ. ಕೆತ್ತನೆಯ ಸಂದಿಯಲ್ಲಿ ಚಿತ್ತಾರ ಎತ್ತಿ ತೋರಿಸುವ ಕಪ್ಪನ್ನೂ ಅದು ತಿಂದುಹಾಕುತ್ತದೆ. ಅಲ್ಯೂಮಿನಿಯಂ ಹಾಳೆ, ಅಡಿಗೆ ಸೋಡಾ, ಬಿಸಿನೀರಿನ ಮನೆಮದ್ದಿಗೂ ಅದೇ ದೋಷ. ಸಾದಾ ಚಮಚಕ್ಕೆ ನಡೆದೀತು. ಸೋಪಿನ ನೀರು, ಮೆತ್ತನೆ ಬಟ್ಟೆ, ಬೇಕಾದರೆ ಚೂರು ಸಿಲ್ವರ್ ಪಾಲಿಶ್ ಸಾಕು. ರಾಳ ತುಂಬಿದ ಹಿಡಿಯ ಚಾಕುವನ್ನು ಮಾತ್ರ ಬಿಸಿನೀರಿನಲ್ಲಿ ನೆನೆಹಾಕಬೇಡಿ, ರಾಳ ಮೆತ್ತಗಾಗಿ ಅಲಗು ಸಡಿಲವಾಗುತ್ತದೆ.