ಅಮೆರಿಕ ಅಧ್ಯಕ್ಷರ ಸಹಿ ಗುತ್ತಿಗೆಯ ಷರತ್ತಾಗುವುದು ಹೇಗೆ?

ಅಮೆರಿಕದ ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕುತ್ತಾರೆ. ಮರುದಿನ ಎಲ್ಲ ಕಡೆ ಅದೇ ಸುದ್ದಿ. ಆದರೆ ಅಲ್ಲಿನ ಸರ್ಕಾರಕ್ಕೆ ಸಾಮಾನು ಪೂರೈಸುವ, ಸೇವೆ ಕೊಡುವ ಕಂಪನಿಗೆ ಆ ನಿಯಮ ಸಾಮಾನ್ಯವಾಗಿ ಅಂದೇ ತಗಲುವುದಿಲ್ಲ. ಗುತ್ತಿಗೆ ಪತ್ರದೊಳಗೆ ಬಂದು ಕೂತಾಗಲೇ ಅದಕ್ಕೆ ಬಲ. ಸಹಿಯಿಂದ ಗುತ್ತಿಗೆ ಪತ್ರದವರೆಗಿನ ದಾರಿಯನ್ನು ಗುರುತಿಸುವುದು ಹೀಗೆ.

ಮೊದಲು ಆದೇಶದ ಆರಂಭದ ಸಾಲು ನೋಡಿ. ಯಾವ ಕಾನೂನಿನ ಅಧಿಕಾರದಿಂದ ಹೊರಡಿಸಿದ್ದಾರೆ ಎಂದು ಅಲ್ಲಿರುತ್ತದೆ. ಖರೀದಿಯ ವಿಷಯದಲ್ಲಿ ಹೆಚ್ಚಾಗಿ ಕಾಣುವುದು 1949ರ ಕಾನೂನು. ಸರ್ಕಾರದ ಖರೀದಿ ಮಿತವ್ಯಯದಿಂದ, ದಕ್ಷವಾಗಿ ನಡೆಯಬೇಕು ಎನ್ನುವುದು ಅದರ ಗುರಿ. ಹಾಗಂತ ಏನು ಬೇಕಾದರೂ ಬರೆಯಲು ಆಗುವುದಿಲ್ಲ. ಮುಷ್ಕರ ಹೂಡಿದವರ ಜಾಗಕ್ಕೆ ಕಾಯಂ ಆಗಿ ಬೇರೆಯವರನ್ನು ತುಂಬುವ ಕಂಪನಿಗಳಿಗೆ ಗುತ್ತಿಗೆ ಇಲ್ಲ ಎಂದು ಬಿಲ್ ಕ್ಲಿಂಟನ್ 1995ರಲ್ಲಿ ಆದೇಶಿಸಿದ್ದರು. ಕಾರ್ಮಿಕ ಕಾನೂನಿಗೆ ಹೊಂದುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1996ರಲ್ಲಿ ಅದನ್ನು ತಳ್ಳಿಹಾಕಿತು.

ಆಮೇಲೆ ಆದೇಶದಲ್ಲಿ ಯಾವ ಇಲಾಖೆಗೆ ಏನು ಕೆಲಸ, ಎಷ್ಟು ದಿನದ ಗಡುವು ಎಂದು ಗುರುತು ಹಾಕಿಕೊಳ್ಳಿ.

ಮುಂದಿನದು ಮುಖ್ಯವಾದ ಹಂತ. 1984ರಿಂದ ಜಾರಿಯಲ್ಲಿರುವ ಫೆಡರಲ್ ಅಕ್ವಿಸಿಷನ್ ರೆಗ್ಯುಲೇಷನ್, ಚಿಕ್ಕದಾಗಿ 'ಫಾರ್', ಅಲ್ಲಿನ ಖರೀದಿಯ ನಿಯಮಪುಸ್ತಕ. ಅಧ್ಯಕ್ಷರ ಮಾತು ಇದರೊಳಗೆ ಷರತ್ತಾಗಿ ಇಳಿಯಬೇಕು. ಜೋ ಬೈಡನ್ ಅವರ 14026ನೇ ಆದೇಶವನ್ನೇ ನೋಡಿ. ಗುತ್ತಿಗೆ ಕೆಲಸಗಾರರಿಗೆ ಗಂಟೆಗೆ ಕನಿಷ್ಠ 15 ಡಾಲರ್ ಕೂಲಿ ಎಂದು 2021ರ ಏಪ್ರಿಲ್ 27ರಂದು ಸಹಿಯಾಯಿತು. ಕಾರ್ಮಿಕ ಇಲಾಖೆ ನಿಯಮ ಬರೆದು ನವೆಂಬರ್‌ನಲ್ಲಿ ಪ್ರಕಟಿಸಿತು. ಫಾರ್‌ನ 52.222-55 ಸಂಖ್ಯೆಯ ಷರತ್ತು ಅದಕ್ಕೆ ತಕ್ಕಂತೆ ಬದಲಾಯಿತು. ಜಾರಿಯಾದದ್ದು 2022ರ ಜನವರಿ 30ಕ್ಕೆ. ಸಹಿಗೂ ಜಾರಿಗೂ ಒಂಬತ್ತು ತಿಂಗಳು! ಅದೂ ಹೊಸ ಗುತ್ತಿಗೆಗಳಿಗೆ, ನವೀಕರಿಸಿದ ಅಥವಾ ಅವಧಿ ವಿಸ್ತರಿಸಿದ ಗುತ್ತಿಗೆಗಳಿಗೆ. ನೆಲ ಒರೆಸುವವರು, ಕ್ಯಾಂಟೀನಿನಲ್ಲಿ ಬಡಿಸುವವರು ಇಂಥ ಕೂಲಿಗಾಗಿಯೇ ಕಾದಿರುತ್ತಾರೆ. ಅವರಿಗೆ ಆ ತಿಂಗಳುಗಳು ಸಣ್ಣವಲ್ಲ, ಅಲ್ವಾ?

ಇಂಥ ಬದಲಾವಣೆಗಳು ನಮ್ಮ ಗೆಜೆಟ್‌ನಂಥ 'ಫೆಡರಲ್ ರಿಜಿಸ್ಟರ್'ನಲ್ಲಿ ಬರುತ್ತವೆ. ಸಾಮಾನ್ಯವಾಗಿ ಜನರ ಅಭಿಪ್ರಾಯಕ್ಕೂ ಸಮಯ ಕೊಡುತ್ತಾರೆ. ಅವಸರವಿದ್ದರೆ ಒಳದಾರಿಯೂ ಇದೆ. ಇಲಾಖೆಗಳು 'ಡೀವಿಯೇಷನ್', ಅಂದರೆ ಫಾರ್‌ಗಿಂತ ಬೇರೆ ರೀತಿ ನಡೆಯಲು ಅನುಮತಿ, ಹೊರಡಿಸಿ, ಪುಸ್ತಕ ತಿದ್ದುವ ಮೊದಲೇ ಹೊಸ ಮಾತನ್ನು ಬಳಸಬಹುದು. ಫಾರ್ ಅನ್ನೇ ಸರಳಗೊಳಿಸಿ ಎಂದು ಡೊನಾಲ್ಡ್ ಟ್ರಂಪ್ 2025ರ ಏಪ್ರಿಲ್ 15ರಂದು ಆದೇಶಿಸಿದಾಗ ಹಿಡಿದದ್ದು ಈ ದಾರಿಯನ್ನೇ.

ಕೊನೆಗೆ, ಆದೇಶ ಇನ್ನೂ ಬದುಕಿದೆಯೇ ಎಂದು ನೋಡಿ. ಬೈಡನ್ ಅವರ ಕೂಲಿ ಆದೇಶವನ್ನು ಟ್ರಂಪ್ 2025ರ ಮಾರ್ಚ್ 14ರಂದು ರದ್ದು ಮಾಡಿದರು. ಆದರೆ ಹಳೆಯ ಗುತ್ತಿಗೆ ಪತ್ರದಲ್ಲಿ ಅಚ್ಚಾದ ಷರತ್ತು ತಾನಾಗಿ ಅಳಿಸಿಹೋಗುವುದಿಲ್ಲ. ಅದನ್ನು ತೆಗೆದಿದ್ದಾರೆಯೇ ಎಂದು ಗುತ್ತಿಗೆ ಅಧಿಕಾರಿಯಿಂದ ಬರಹದಲ್ಲೇ ಕೇಳಿ ಪಡೆಯಿರಿ. ಬಾಯಿಮಾತು ನಂಬಿ ಕೂಲಿ ಇಳಿಸಬೇಡಿ.