ಟಿಬೆಟನ್ ನಿರಾಶ್ರಿತರಿಗೆ ಮನೆ ಬಾಡಿಗೆಗೆ ಕೊಡುವ ಮುನ್ನ

ಚಳಿ ಶುರುವಾಗುವ ಹೊತ್ತಿಗೆ ನಮ್ಮ ಊರುಗಳಿಗೆ ಟಿಬೆಟನ್ ಸ್ವೆಟರ್ ವ್ಯಾಪಾರಿಗಳು ಮೂರು ನಾಲ್ಕು ತಿಂಗಳ ಮಟ್ಟಿಗೆ ಕೋಣೆ ಹುಡುಕಿಕೊಂಡು ಬರುತ್ತಾರೆ. ಕಾಲೇಜು ಶುರುವಾಗುವಾಗ ಬೈಲಕುಪ್ಪೆ, ಮುಂಡಗೋಡ ಕಡೆಯ ವಿದ್ಯಾರ್ಥಿಗಳು ಬರುತ್ತಾರೆ. ಕೊಡುವ ಮನಸ್ಸಿದ್ದರೂ ‘ಇವರ ಕಾಗದಪತ್ರ ಹೇಗೋ ಏನೋ’ ಎಂಬ ಅಳುಕಿನಿಂದ ಮನೆ ಖಾಲಿಯಿಲ್ಲ ಎಂದು ಹೇಳಿ ಕಳಿಸುವ ಮಾಲೀಕರೇ ಹೆಚ್ಚು. ಮೈಸೂರಿನಲ್ಲಿ ನಮ್ಮ ಮನೆಯ ಮಹಡಿಯನ್ನು ಇಂಥ ವಿದ್ಯಾರ್ಥಿಗಳಿಗೆ ಹಲವು ವರ್ಷ ಬಾಡಿಗೆಗೆ ಕೊಟ್ಟ ಅನುಭವದಿಂದ ಹೇಳುವುದಾದರೆ, ಯಾವ ಕಾಗದ ಕೇಳಬೇಕು ಎಂಬುದು ಗೊತ್ತಿದ್ದರೆ ಈ ಅಳುಕಿನ ಮುಕ್ಕಾಲು ಪಾಲು ಉಳಿಯುವುದಿಲ್ಲ.

ಮೊದಲು ನೋಡಬೇಕಾದದ್ದು ನೋಂದಣಿ ಪ್ರಮಾಣಪತ್ರ. ಅವರು ಅದನ್ನು ‘ಆರ್‌ಸಿ’ ಎನ್ನುತ್ತಾರೆ. ಮೊದಲ ಸಲ ಬಂದ ಹುಡುಗ ‘ಆರ್‌ಸಿ ಇದೆ ಅಂಕಲ್’ ಎಂದಾಗ ನಾನು ಬೈಕಿನದೆಂದು ತಿಳಿದು, ಗಾಡಿ ನಿಲ್ಲಿಸುವ ಜಾಗ ತೋರಿಸಲು ಹೊರಟಿದ್ದೆ. ಅವನ ಬಳಿ ಸೈಕಲ್ಲೂ ಇರಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದ್ದರಿಂದ ಕಾನೂನಿನ ಕಣ್ಣಿಗೆ ಟಿಬೆಟನ್ನರು ವಿದೇಶಿಯರೇ, ಮತ್ತು ಅವರು ಇಲ್ಲಿ ನೆಲೆಸಲು ಸರ್ಕಾರ ಕೊಟ್ಟ ಅನುಮತಿಗೆ ಆಧಾರ ಈ ಆರ್‌ಸಿ. ಅದರಲ್ಲಿ ಭಾವಚಿತ್ರ, ನೋಂದಾಯಿತ ವಿಳಾಸ ಮತ್ತು ಯಾವ ದಿನಾಂಕದವರೆಗೆ ಸಿಂಧು ಎಂಬುದು ಇರುತ್ತದೆ. ಅವಧಿ ಮುಗಿದಿದ್ದರೆ ನವೀಕರಣಕ್ಕೆ ಅರ್ಜಿ ಹಾಕಿದ ಸ್ವೀಕೃತಿಯನ್ನು ಕೇಳಿ, ಹೊಸದು ಬಂದ ಮೇಲೆ ಅದರ ಪ್ರತಿಯನ್ನೂ ಇಟ್ಟುಕೊಳ್ಳಿ.

ಇನ್ನೆರಡು ಪುಸ್ತಕಗಳು ನಿಮ್ಮ ಮುಂದೆ ಬರಬಹುದು. ಹಸಿರು ಹೊದಿಕೆಯ ‘ಗ್ರೀನ್ ಬುಕ್’ ಹಿಮಾಚಲ ಪ್ರದೇಶದ ಧರ್ಮಶಾಲಾ ಪಟ್ಟಣದಲ್ಲಿರುವ ಟಿಬೆಟನ್ ಆಡಳಿತ ಕೊಡುವಂಥದ್ದು. ಅವರೊಳಗಿನ ವಂತಿಗೆ, ವಿದ್ಯಾರ್ಥಿವೇತನಗಳಿಗೆ ಅದು ಮುಖ್ಯವಾದರೂ ಆರ್‌ಸಿಗೆ ಬದಲಿಯಾಗುವುದಿಲ್ಲ. ಹಳದಿ ಹೊದಿಕೆಯದು ಭಾರತ ಸರ್ಕಾರ ವಿದೇಶ ಪ್ರಯಾಣಕ್ಕಾಗಿ ಕೊಡುವ ಗುರುತಿನ ಪತ್ರ, ಅಂದರೆ ‘ಐಸಿ’. ಅದು ಪಾಸ್‌ಪೋರ್ಟ್ ಅಲ್ಲ. ವಿದೇಶಿಯರೆಂದ ಮಾತ್ರಕ್ಕೆ ‘ನಿಮ್ಮ ದೇಶದ ಪಾಸ್‌ಪೋರ್ಟ್ ತನ್ನಿ’ ಎಂದು ಪಟ್ಟು ಹಿಡಿಯುವುದು ಇಲ್ಲದ್ದನ್ನು ಕೇಳಿದಂತೆ. ಆಧಾರ್ ಕಾರ್ಡ್ ಅನೇಕರ ಬಳಿ ಇರುತ್ತದೆ. ಅದು ಗುರುತಿಗೆ ಆಧಾರವೇ ಹೊರತು ಪೌರತ್ವಕ್ಕಲ್ಲ.

ಕೆಲವರ ಕೈಯಲ್ಲಿ ಮತದಾರರ ಚೀಟಿ ಅಥವಾ ಭಾರತೀಯ ಪಾಸ್‌ಪೋರ್ಟ್ ಕಂಡರೆ ಒಡನೆಯೇ ಸಂಶಯಪಡಬೇಕಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಜನ್ಮತಃ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿವೆ. ಹೀಗಾಗಿ ಒಂದೇ ಮನೆಯಲ್ಲಿ ತಂದೆ ಭಾರತೀಯ ಪ್ರಜೆ, ಅಜ್ಜಿ ಆರ್‌ಸಿ ಇರುವವರು ಆಗಿರಬಹುದು. ಪ್ರತಿಯೊಬ್ಬರ ಕಾಗದವನ್ನೂ ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು.

ಹೆಸರಿನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಬಹಳಷ್ಟು ಟಿಬೆಟನ್ನರಿಗೆ ಮನೆತನದ ಹೆಸರಿಲ್ಲ. ದಲೈ ಲಾಮಾ ಅವರ ಹೆಸರಿನಿಂದ ಬಂದ ತೆನ್‌ಜಿನ್ ಎಂಬುದು ಗಂಡು, ಹೆಣ್ಣು ಇಬ್ಬರಿಗೂ ಇರುತ್ತದೆ. ಮೂವರು ತೆನ್‌ಜಿನ್‌ಗಳು ಒಂದೇ ಕೋಣೆಗೆ ಬಂದಾಗ ಕರಾರುಪತ್ರ ಬೆರಳಚ್ಚು ಮಾಡುವವರು ಅಣ್ಣತಮ್ಮಂದಿರೆಂದು ಭಾವಿಸಿ, ಮೂವರಿಗೂ ಒಬ್ಬರದೇ ತಂದೆಯ ಹೆಸರು ಬರೆದುಬಿಟ್ಟಿದ್ದರು. ಹೊಸ ಛಾಪಾ ಕಾಗದದ ಖರ್ಚು ನನ್ನ ತಲೆಗೇ ಬಂತು. ಆರ್‌ಸಿಯಲ್ಲಿರುವ ಅಕ್ಷರಗಳನ್ನೇ ಹಾಗೆಯೇ ಇಳಿಸಿ, ಪ್ರತಿಯೊಬ್ಬರ ಆರ್‌ಸಿ ಸಂಖ್ಯೆಯನ್ನೂ ಹೆಸರಿನ ಮುಂದೆ ಬರೆಸಿ. ಎಲ್ಲರಿಗೂ ಮಾಡುವಂತೆ 11 ತಿಂಗಳ ಕರಾರು ಸಾಕು. ಕಾಯಂ ವಿಳಾಸ ಎಂಬಲ್ಲಿ ಅವರ ವಸಾಹತಿನ ವಿಳಾಸ ಬರುತ್ತದೆ. ಕರ್ನಾಟಕದಲ್ಲಿ ಅಂಥವು ಐದಿವೆ: ಬೈಲಕುಪ್ಪೆಯಲ್ಲಿ ಎರಡು, ಹುಣಸೂರು, ಕೊಳ್ಳೇಗಾಲ ಮತ್ತು ಮುಂಡಗೋಡದ ಬಳಿ ಒಂದೊಂದು. 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ ಕಾಡು ಕಡಿದು ನೆಲೆ ನಿಂತವರ ಮೊಮ್ಮಕ್ಕಳು ಇವರು. ‘ನಿಮ್ಮ ಊರು ಯಾವುದು’ ಎಂದರೆ ಬೈಲಕುಪ್ಪೆ ಎನ್ನುತ್ತಾರೆ, ಲಾಸಾ ಎನ್ನುವುದಿಲ್ಲ. ಪ್ರತಿ ವಸಾಹತಿಗೂ ಒಂದು ಕಚೇರಿಯಿದೆ. ಏನಾದರೂ ಗೊಂದಲವಾದರೆ ಅಲ್ಲಿ ವಿಚಾರಿಸಬಹುದು.

ಕರಾರಾದ ಮೇಲೆ ತಡಮಾಡದೆ ಪೊಲೀಸ್ ಠಾಣೆಗೆ ಮಾಹಿತಿ ಕೊಡಿ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ಹೊಣೆ ಹಳೆಯ ಕಾನೂನಿನಲ್ಲೂ ಇತ್ತು, 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಇದೆ. ಬೆಂಗಳೂರಿನಲ್ಲಿ ಈ ಅಧಿಕಾರಿ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಅಧಿಕಾರಿ; ಬೇರೆ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಠಾಣೆಯಲ್ಲಿ ‘ಆಯಿತು, ಹೋಗಿ’ ಎಂದರೆ ಅಷ್ಟಕ್ಕೇ ಹಿಂತಿರುಗಬೇಡಿ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೂರು ತಿಂಗಳಿಗೆಂದು ಬರುವ ಸ್ವೆಟರ್ ವ್ಯಾಪಾರಿಗಳ ವಿಷಯದಲ್ಲೂ ಇದನ್ನು ಬಿಡಬಾರದು.

ಉಳಿದದ್ದು ಯಾವ ಬಾಡಿಗೆದಾರರೊಂದಿಗೂ ಆಡಬೇಕಾದ ಮಾತೇ. ಟಿಬೆಟನ್ನರಲ್ಲಿ ಮಾಂಸಾಹಾರಿಗಳು ಹೆಚ್ಚು. ನಿಮ್ಮ ಮನೆಯಲ್ಲಿ ಅದು ಆಗದೆಂದಿದ್ದರೆ ಮುಂಗಡ ಹಣ ತೆಗೆದುಕೊಳ್ಳುವ ಮೊದಲೇ ಹೇಳಿಬಿಡಿ, ಆಮೇಲೆ ಅಡುಗೆಮನೆಯ ಕಿಟಕಿಯ ಬಳಿ ಮೂಸಿ ನೋಡಬೇಡಿ. ಫೆಬ್ರವರಿ ಅಥವಾ ಮಾರ್ಚಿನಲ್ಲಿ ಅವರ ಹೊಸ ವರ್ಷ ಲೋಸಾರ್ ಬರುತ್ತದೆ. ಆಗ ತಾರಸಿಯ ಮೇಲೆ ಐದು ಬಣ್ಣದ ಪ್ರಾರ್ಥನಾ ಪತಾಕೆಗಳನ್ನು ಕಟ್ಟಲು ಕೇಳಬಹುದು. ಬಟ್ಟೆ ಒಣಗಿಸುವ ತಂತಿಯನ್ನು ಬಿಟ್ಟುಕೊಡಬೇಡಿ. ಗಾಳಿಗೆ ಪತಾಕೆ ಹರಿಯುವವರೆಗೂ ಅವರು ಅದನ್ನು ಬಿಚ್ಚುವುದಿಲ್ಲ, ನೀರಿನ ಟ್ಯಾಂಕಿನ ಕಂಬವೇ ವಾಸಿ.

ಮನೆ ಬಿಡುವಾಗ ಮುಂಗಡ ಹಣ ಹಿಂತಿರುಗಿಸುವುದರ ಜೊತೆಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದರು ಎಂದು ಒಂದು ಪತ್ರ ಬರೆದು ಸಹಿ ಹಾಕಿ ಕೊಡಿ. ವಿಳಾಸ ಬದಲಾವಣೆಗೆ ನೋಂದಣಿ ಕಚೇರಿಗೆ ಹೋದಾಗ ಅವರಿಗೆ ಅದು ನೆರವಾಗುತ್ತದೆ. ಅದರದೊಂದು ಪ್ರತಿಯನ್ನು ಠಾಣೆಗೂ ಕೊಟ್ಟು, ಮೊದಲಿನಂತೆಯೇ ಮೊಹರು ಹಾಕಿಸಿಕೊಂಡು ಬನ್ನಿ.